ಕಾಲುವೆಯಿಂದ ಎರೆಹೊಲಕ್ಕೆ

ಗಂಗಾವತಿಯಿಂದ ಕೊಪ್ಪಳ, ಯಲಬುರ್ಗಾ ಹಾದು ಕುಷ್ಟಗಿ ಸೇರುವ ದಾರಿ ಪೂರ್ತಿ ಒಂದೇ ಜಿಲ್ಲೆಯೊಳಗಿನದು. ಆದರೂ ಚಳಿಗಾಲದಲ್ಲಿ ಈ ದಾರಿ ಹಿಡಿದರೆ ಅರ್ಧ ದಿನದೊಳಗೆ ಮಣ್ಣು, ಬೆಳೆ, ಊಟ ಮೂರೂ ಬದಲಾಗುತ್ತವೆ.

ಗಂಗಾವತಿ ಭತ್ತದ ಕಣಜ. ಡಿಸೆಂಬರ್ ಹೊತ್ತಿಗೆ ಮುಂಗಾರಿನ ಸೋನಾ ಮಸೂರಿ ಕೊಯ್ಲಾಗಿ, ಜಲಾಶಯದಲ್ಲಿ ನೀರಿದ್ದರೆ ಎರಡನೇ ಬೆಳೆಗೆ ಸಸಿಮಡಿ ಏಳುತ್ತದೆ. ಈ ಹಸಿರು ಮಳೆ ಕೊಟ್ಟದ್ದಲ್ಲ, ತುಂಗಭದ್ರೆಯ ಎಡದಂಡೆ ಕಾಲುವೆ ಕೊಟ್ಟದ್ದು. ಮುನಿರಾಬಾದಿನಲ್ಲಿ ಹೊರಡುವ ಕಾಲುವೆ ಇಳಿಜಾರು ಹಿಡಿದು ಸಿಂಧನೂರು, ಮಾನ್ವಿಯತ್ತ ಸಾಗುತ್ತದೆ. ಅದಕ್ಕಿಂತ ಎತ್ತರದಲ್ಲಿರುವ ಯಲಬುರ್ಗಾ, ಕುಷ್ಟಗಿಗೆ ನೀರು ತಾನಾಗಿ ಹರಿದು ಬಾರದು. ಇಲ್ಲಿ ಸೀಮೆಗಳನ್ನು ಬೇರ್ಪಡಿಸಿರುವುದು ಮುಗಿಲಲ್ಲ, ಕಾಲುವೆ. ಸಹ್ಯಾದ್ರಿಯ ಮಳೆನೆರಳಿನ ಈ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಕಾಲುವೆಯ ಭರವಸೆಯೂ ಕರಗುತ್ತಿದೆ: 133 ಟಿಎಂಸಿ ಸಾಮರ್ಥ್ಯದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105.

ಕೊಪ್ಪಳದ ಸುತ್ತ ಬೆಣಚು ಗುಡ್ಡಗಳು. ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದರೆ ರಸ್ತೆಯಲ್ಲಿ ವಾಹನ ಸಾಗುವುದೇ ಕಷ್ಟ.

ಯಲಬುರ್ಗಾ ಸೀಮೆಯದು ಎರೆಭೂಮಿ. ಮಳೆಯೇ ಇಲ್ಲದ ತಿಂಗಳುಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಗುಟ್ಟು ಮಣ್ಣಿನದು. ಎರೆಯ ನುಣುಪು ಜೇಡಿ ಸೆಪ್ಟೆಂಬರ್‌–ಅಕ್ಟೋಬರ್‌ನ ಮಳೆಯನ್ನು ಹೀರಿ ಆಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಮಣ್ಣು ಬಿರುಕು ಬಿಡುವಾಗಲೂ ಬೇರಿಗೆ ತೇವ ಸಿಗುತ್ತಿರುತ್ತದೆ. ಹಿಂಗಾರಿನ ಕೊನೆಯ ಮಳೆ ತಪ್ಪಿದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಎಳ್ಳ ಅಮಾವಾಸ್ಯೆಯಂದು ರೈತರು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗಿ, ಭೂಮಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಿಚ್ಚಿ ಊಟಕ್ಕೆ ಕೂರುತ್ತಾರೆ. ದಾರಿ ತುಸು ಬಳಸಾದರೂ ಕುಕನೂರು ಬಳಿಯ ಇಟಗಿಗೆ ಹೋಗಲೇಬೇಕು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ.

ಕುಷ್ಟಗಿಯತ್ತ ಎರೆಯ ನಡುವೆ ಮಸಾರಿ ಹೊಲಗಳು ಕಾಣಿಸುತ್ತವೆ. ಕೊಳವೆಬಾವಿ ಕೈಹಿಡಿದಲ್ಲಿ ದಾಳಿಂಬೆ, ಉಳಿದಲ್ಲಿ ಕುರಿಹಿಂಡು. ಕಣ್ಣಿಗೆ ಮರುಭೂಮಿಯಂತೆ ಕಂಡರೂ ಲೆಕ್ಕದಲ್ಲಿ ಇದು ಮರುಭೂಮಿಯಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಹಾಗೆನ್ನುವುದು ರೂಢಿ. ಕೃಷ್ಣೆಯ ನೀರನ್ನು ಮೇಲೆತ್ತಿ ಈ ತಾಲ್ಲೂಕುಗಳಿಗೆ ತರುವ ಕೊಪ್ಪಳ ಏತ ನೀರಾವರಿ ಯೋಜನೆ ಇಲ್ಲಿನವರ ದೀರ್ಘಕಾಲದ ನಿರೀಕ್ಷೆ. ಕುಷ್ಟಗಿಯಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 50, ಉತ್ತರಕ್ಕೆ ಇಳಕಲ್ ದಾಟಿ ವಿಜಯಪುರದ ಬಯಲಿಗೆ ಒಯ್ಯುತ್ತದೆ.