ನಿಮಗಿದು ಗೊತ್ತೇ? ಬಣವೆಯ ಬೂಷ್ಟು ಎದೆಗೂಡಿಗೆ

ಲೋಕಿಕೆರೆಯ ಕಣದಿಂದ ಹರಿಹರದ ಹೊಳೆದಂಡೆಯವರೆಗೆ ಭತ್ತ, ಮೆಕ್ಕೆಜೋಳ, ಹುಲ್ಲು ಇರುವಲ್ಲೆಲ್ಲ ಬೂಷ್ಟೂ ಇದೆ. ಮನೆಯಲ್ಲಿ ಹಳೆಯ ದಮ್ಮಿನವರೋ, ಕ್ಷಯ ವಾಸಿಯಾದವರೋ ಇದ್ದರೆ ಇದನ್ನು ಅವರಿಗೂ ಓದಿ ಹೇಳಿ.

• ನಾವೆಲ್ಲ ದಿನಾ ನೂರಾರು ಬೂಷ್ಟಿನ ಕಣಗಳನ್ನು ಉಸಿರಾಡುತ್ತೇವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರದ ಕಣ 2ರಿಂದ 3 ಮೈಕ್ರಾನ್ ಅಷ್ಟೇ. ಒಂದು ತಲೆಗೂದಲಿನ ಅಗಲಕ್ಕೆ ಇಂಥ ಇಪ್ಪತ್ತು ಕಣ ಸಾಲಾಗಿ ಕೂರಬಲ್ಲವು.

• ಆಸ್ಪರ್ಜಿಲಸ್ ಎಂದು ಹೆಸರಿಟ್ಟವರು ಇಟಲಿಯ ಪಾದ್ರಿ, ಸಸ್ಯತಜ್ಞ ಪಿಯೆರ್ ಆಂಟೋನಿಯೊ ಮಿಕೇಲಿ, 1729ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಅದು ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡಿತ್ತು.

• ತಿಪ್ಪೆಯೊಳಗಿನ 50 ಡಿಗ್ರಿ ಬಿಸಿಯನ್ನೂ ಈ ಬೂಷ್ಟು ತಾಳುತ್ತದೆ. ನಮ್ಮ ಮೈಯ 37 ಡಿಗ್ರಿ ಇದಕ್ಕೆ ಹಿತವಾದ ಬಿಸುಪು.

• ಶ್ವಾಸನಾಳದ ಸೂಕ್ಷ್ಮ ರೋಮಗಳು ಕಫವನ್ನು ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ಬೀಡಿ, ಸೌದೆ ಒಲೆ, ಮಂಡಕ್ಕಿ ಭಟ್ಟಿಯ ಹೊಗೆಯನ್ನು ವರ್ಷಗಟ್ಟಲೆ ಕುಡಿದರೆ ಅವು ಸೋಲುತ್ತವೆ. ಕಫ ನಿಂತಲ್ಲಿ ಬೂಷ್ಟು ಬೀಡುಬಿಡುತ್ತದೆ.

• ಕಫದಲ್ಲಿ ಶಿಲೀಂಧ್ರ ಕಂಡ ಮಾತ್ರಕ್ಕೆ ಕಾಯಿಲೆಯಲ್ಲ. ರಕ್ತಪರೀಕ್ಷೆ, ಸಿ.ಟಿ. ಸ್ಕ್ಯಾನ್, ರೋಗಿಯ ತೊಂದರೆ ಮೂರನ್ನೂ ಕೂಡಿಸಿ ನೋಡಿಯೇ ವೈದ್ಯರು ಔಷಧ ಬರೆಯುತ್ತಾರೆ.

• ಕಫದಲ್ಲಿ ಸಿಗುವ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಹೆಚ್ಚಾಗಿ ಬಾಯಿಯಿಂದ ಬಂದದ್ದು. ಸ್ಟಿರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ಬಾಯಿ ಹುಣ್ಣಾಯಿತೆಂದು ಇನ್‌ಹೇಲರ್ ಬಿಡಬೇಡಿ.

• ಉಬ್ಬಸದ ಕೆಲವರಿಗೆ ಆಸ್ಪರ್ಜಿಲಸ್ ಬೂಷ್ಟೇ ಅಲರ್ಜಿ. 1952ರಲ್ಲಿ ಇಂಗ್ಲೆಂಡಿನ ವೈದ್ಯರು ಇದನ್ನು ಮೊದಲು ವಿವರಿಸಿದರು. ಗಟ್ಟಿ ಕಂದು ಕಫದ ತುಂಡು ಬೀಳುವುದು, ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವಾದ ಐಜಿಇ ವಿಪರೀತ ಏರುವುದು ಇದರ ಸುಳಿವು.

• ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಪೊಳ್ಳು ಉಳಿಯಬಹುದು. ಅದರೊಳಗೆ ಬೂಷ್ಟು ಉಂಡೆ ಕಟ್ಟಬಹುದು. ಮಗ್ಗುಲು ಬದಲಿಸಿದರೆ ಕೆಲವೊಮ್ಮೆ ಉಂಡೆಯೂ ಉರುಳುತ್ತದೆ! ಕ್ಷಯರೋಗಿಯ ಶ್ವಾಸಕೋಶದಲ್ಲಿ ಶಿಲೀಂಧ್ರ ಬೆಳೆದದ್ದನ್ನು ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ 1842ರಲ್ಲೇ ದಾಖಲಿಸಿದ್ದರು.

• ಆಸ್ಪರ್ಜಿಲಸ್ 2021ರಲ್ಲಿ ನಮ್ಮನ್ನು ನಡುಗಿಸಿದ ಕಪ್ಪು ಶಿಲೀಂಧ್ರವಲ್ಲ. ಅದರ ಕುಲವೇ ಬೇರೆ. ಎದೆಯ ಈ ಬೂಷ್ಟು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆಮ್ಮುವ ಹಿರಿಯರನ್ನು ಮೂಲೆಗೆ ಕೂರಿಸಬೇಡಿ.

• ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಮೊದಲ ಸಾಲಿನ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಕೂಡ ಒಂದು.

• ಮಳೆಗೆ ನೆನೆದ ಬಣವೆ ಹಿರಿಯುವುದು, ತಿಪ್ಪೆ ಕೆದರುವುದು, ಬೂಷ್ಟು ಹಿಡಿದ ಮೆಕ್ಕೆಜೋಳ ತೂರುವುದು ದಮ್ಮಿನವರ ಕೆಲಸವಲ್ಲ. ಮಾಡಲೇಬೇಕಾದರೆ ಟವೆಲ್ ಸಾಲದು, ಎನ್-95 ಮಾಸ್ಕ್ ಬೇಕು.

• ಹಿಂದೆ ಕ್ಷಯ ಬಂದು ಹೋದವರ ಕಫದಲ್ಲಿ ರಕ್ತ ಕಂಡರೆ ‘ಮತ್ತೆ ಟಿಬಿ’ ಎಂದು ನೀವೇ ತೀರ್ಮಾನಿಸಿ ಹಳೆಯ ಮಾತ್ರೆ ನುಂಗಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಫಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದರೆ, ‘ಡಾಕ್ಟ್ರೇ, ಬೂಷ್ಟು ಇರಬಹುದಾ?’ ಎಂದು ಕೇಳಲು ಸಂಕೋಚಪಡಬೇಡಿ.