ಬಿದ್ದ ಮರ, ಕಡೆದ ಬೋಗುಣಿ

2002ರ ಜೂನ್ 6ರ ಗುಡುಗು-ಗಾಳಿಗೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ 'ವೈ ಓಕ್' ಎಂಬ ಮರ ಉರುಳಿತು. ವಯಸ್ಸು ಸುಮಾರು 460 ವರ್ಷವೆಂದು ಅಂದಾಜು. ಎತ್ತರ 96 ಅಡಿ. ಕಾಂಡದ ಸುತ್ತಳತೆ ಹತ್ತಿರಹತ್ತಿರ 32 ಅಡಿ, ಐದು ಜನ ಕೈಕೈ ಹಿಡಿದು ನಿಂತರೂ ತಬ್ಬಿಗೆ ಸಿಗದಷ್ಟು. ಇದೊಂದೇ ಮರವನ್ನು ಉಳಿಸಲು ರಾಜ್ಯ ಸರ್ಕಾರ 1939ರಲ್ಲಿ ಅದು ನಿಂತ ಜಾಗವನ್ನೇ ಕೊಂಡುಕೊಂಡಿತ್ತು. ಅಂಥದ್ದನ್ನು ಸೌದೆ ಮಾಡಲು ಯಾರಿಗೆ ಮನಸ್ಸು ಬಂದೀತು? ಅದರ ಹಲಗೆಗಳಿಂದ ಗವರ್ನರ್ ಕಚೇರಿಗೆ ಮೇಜು ಸಿದ್ಧವಾಯಿತು.

ಮೇಜೇನೋ ಸರಿ. ಆದರೆ ಹಳೆಯ ಮರವನ್ನು ಹತ್ತಿರದಿಂದ ನೋಡಬೇಕೆಂದರೆ ಬೋಗುಣಿಯನ್ನು ಕೈಗೆತ್ತಿಕೊಳ್ಳಬೇಕು. ಅದು ಒಂದೇ ತುಂಡಿನದು, ಜೋಡಣೆಯಿಲ್ಲ, ಮೊಳೆಯಿಲ್ಲ. ಬಾಗಿದ ಗೋಡೆಯ ಮೇಲೆ ವರ್ಷವರ್ಷದ ಉಂಗುರಗಳು ಕೆರೆಯ ಅಲೆಗಳಂತೆ ಸುತ್ತಿಕೊಂಡಿರುತ್ತವೆ.

ಕಡೆಯುವವರು ಮೊದಲು ದಿಮ್ಮಿಯನ್ನು ಉದ್ದಕ್ಕೆ ಸೀಳಿ ನಡುವಿನ ತಿರುಳನ್ನು ತೆಗೆಯುತ್ತಾರೆ; ಅದು ಉಳಿದರೆ ಬಿರುಕು ಅಲ್ಲಿಂದಲೇ ಶುರು. ಹಸಿ ಹೋಳನ್ನು ಲೇತಿಗೆ ಸಿಕ್ಕಿಸಿ, ಚನ್ನಪಟ್ಟಣದ ಬೊಂಬೆಯಂತೆಯೇ ತಿರುಗಿಸುತ್ತ ಉಳಿ ಹಿಡಿಯುತ್ತಾರೆ. ಮೊದಲ ಸುತ್ತಿನಲ್ಲಿ ಗೋಡೆ ದಪ್ಪಗಿರಬೇಕು: 10 ಅಂಗುಲದ ಬೋಗುಣಿಗೆ ಸುಮಾರು 1 ಅಂಗುಲ. ಆಮೇಲೆ ಮೇಣ ಬಳಿದು ತಿಂಗಳುಗಟ್ಟಲೆ ನೆರಳಲ್ಲಿಡುತ್ತಾರೆ. ಮರ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುವುದರಿಂದ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆಯಲ್ಲಿ ದಪ್ಪ ಉಳಿಸಿದ್ದರಷ್ಟೇ ಮತ್ತೆ ಕಡೆದು ದುಂಡು ಮಾಡಬಹುದು. ಇಲ್ಲಿ ಅವಸರ ಸಲ್ಲದು. ಶತಮಾನಗಳ ಮರ ಒಂದೇ ರಾತ್ರಿಯಲ್ಲಿ ಸೀಳಿಬಿಟ್ಟೀತು.

ಊರ ನಡುವೆ ಬೆಳೆದ ಮರಗಳ ಒಡಲಲ್ಲಿ ಹಳೆಯ ಮೊಳೆಗಳೂ ಅಡಗಿರುತ್ತವೆ. ಓಕ್‌ನ ಒಗರಿಗೆ ಕಬ್ಬಿಣ ತಾಗಿದಲ್ಲಿ ಕಡುನೀಲಿ ಕಲೆ ಮೂಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿಗೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಆ ಕಲೆಯನ್ನು ಹೆರೆದು ತೆಗೆಯದೆ ಉಳಿಸಿಕೊಂಡ ಬೋಗುಣಿಯೇ ಹೆಚ್ಚು ಚೆಂದ. ಯಾರೋ ಎಂದೋ ಹೊಡೆದ ಮೊಳೆಯ ಗುರುತು ಅದು.

ಹೆಸರಾಂತ ಮರವೆಂದ ಮೇಲೆ ನಂಬಿಕೆಯ ಪ್ರಶ್ನೆಯೂ ಏಳುತ್ತದೆ. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ನೆಟ್ಟದ್ದೆಂದು ಜನ ನಂಬಿದ್ದ ಹಿಪ್ಪುನೇರಳೆ ಮರವನ್ನು 1750ರ ದಶಕದಲ್ಲಿ ಮನೆಯೊಡೆಯ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಕಡಿಸಿಹಾಕಿದ. ನೋಡಲು ಬರುವವರ ಕಾಟ ಅವನಿಗೆ ಸಾಕಾಗಿತ್ತು. ಗಡಿಯಾರ ರಿಪೇರಿಯ ಥಾಮಸ್ ಶಾರ್ಪ್ ಆ ಮರವನ್ನು ಕೊಂಡು ಬಟ್ಟಲು, ಡಬ್ಬಿ ಮಾಡಿ ಮಾರಿದ. 1769ರ ಶೇಕ್ಸ್‌ಪಿಯರ್ ಉತ್ಸವದಲ್ಲಿ ನಟ ಡೇವಿಡ್ ಗ್ಯಾರಿಕ್ ಹಿಡಿದದ್ದೂ ಆ ಮರದ ಬಟ್ಟಲನ್ನೇ. ಸಾಮಾನು ಬಂದಷ್ಟೂ ಬರುತ್ತಲೇ ಇದ್ದುದರಿಂದ ಜನರಿಗೆ ಅನುಮಾನ ಹುಟ್ಟಿತು. ಎಲ್ಲವೂ ಅದೇ ಮರದ್ದೆಂದು ಶಾರ್ಪ್ 1799ರಲ್ಲಿ ಸಾಯುವ ಮುನ್ನ ಪ್ರಮಾಣ ಮಾಡಬೇಕಾಯಿತು.

ಹಾಗಾಗಿಯೇ ಬೋಗುಣಿ ಬಲ್ಲವರು ಮೊದಲು ಅದನ್ನು ಮಗುಚಿ ನೋಡುತ್ತಾರೆ. ಒಳ್ಳೆಯ ಕುಶಲಕರ್ಮಿ ತಳದಲ್ಲಿ ಬಿಸಿ ಸೂಜಿಯಿಂದ ಸುಟ್ಟು ಬರೆದಿರುತ್ತಾರೆ: ಯಾವ ಮರ, ಯಾವ ಊರು, ಬಿದ್ದ ವರ್ಷ, ಕಡೆದವರ ಹೆಸರು.