ಹಳೆಯ ಹೋಟೆಲುಗಳ ಪಿಂಗಾಣಿ ಪಾತ್ರೆಗಳು: ಅವುಗಳ ಗುರುತು ಮತ್ತು ಸಂಗ್ರಹ

ಬೆಂಗಳೂರಿನ ಪಶ್ಚಿಮ ಭಾಗದ ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಗೆ ಸೇರುವ ಓಣಿಗಳಲ್ಲಿ ನಡೆದವರಿಗೆ ಸಣ್ಣ ಸಣ್ಣ ಕಾರ್ಖಾನೆಗಳ ಯಂತ್ರಧ್ವನಿಯೂ, ಅವುಗಳ ನಡುವೆ ಅಲ್ಲಲ್ಲಿ ಗುಜರಿ ಅಂಗಡಿಗಳೂ ಪರಿಚಿತವಾದುವೇ ಆಗಿವೆ. ಅಂತಹ ಒಂದು ಅಂಗಡಿಯ ಮುಂದೆ, ತುಕ್ಕು ಹಿಡಿದ ಕಬ್ಬಿಣ, ಹಳೆಯ ವೃತ್ತಪತ್ರಿಕೆಗಳು, ನಜ್ಜುಗುಜ್ಜಾದ ಹಿತ್ತಾಳೆಯ ಚೊಂಬುಗಳು ಇವುಗಳ ಮಧ್ಯದಲ್ಲಿ ಒಂದು ಬಿಳಿಯ ಬಸಿಯು ನಮ್ಮ ಕಣ್ಣಿಗೆ ಬಿದ್ದಿತು. ಬೆಲೆಯೇನೆಂದು ಕೇಳಿದೆವು. ಅಂಗಡಿಯವನು ನಕ್ಕು, "ಪಿಂಗಾಣಿಗೆ ತೂಕದ ರೇಟೇ ಇಲ್ಲ ಮೇಡಂ, ಕರಗಿಸೋಕಾಗಲ್ಲ. ಬೇಕಾದ್ರೆ ಹಾಗೇ ತಗೊಂಡ್ಹೋಗಿ" ಎಂದನು.

ಆತನ ಮಾತಿನಲ್ಲಿ ಒಂದು ಸತ್ಯವಡಗಿದೆ. ಕಬ್ಬಿಣವು ಮತ್ತೆ ಕರಗಿ ಕಬ್ಬಿಣವಾಗುವುದು. ಕಾಗದವು ಮತ್ತೆ ಕಾಗದವಾಗುವುದು. ಒಮ್ಮೆ ಆವಿಗೆಯಲ್ಲಿ ಬೆಂದ ಪಿಂಗಾಣಿಯಾದರೋ ಮರಳಿ ಮಣ್ಣಾಗಲಾರದು. ಒಡೆದರೆ ಅದಕ್ಕೆ ಪುನರ್ಜನ್ಮವಿಲ್ಲ. ಆದುದರಿಂದಲೇ ಹಳೆಯ ಹೋಟೆಲುಗಳ ಮತ್ತು ರೈಲು ನಿಲ್ದಾಣಗಳ ಪಿಂಗಾಣಿ ಪಾತ್ರೆಗಳು ಬೇರೆಲ್ಲ ಸಾಮಾನಿಗಿಂತ ಬೇಗನೆ ನಾಶವಾಗುತ್ತಿವೆ. ಅವುಗಳನ್ನು ಗುರುತಿಸುವ ಬಗೆಯನ್ನೂ, ಕೂಡಿಡುವ ಕ್ರಮವನ್ನೂ ನಮ್ಮ ಬಾಲಿಕೆಯರಿಗೆ ತಿಳಿಸುವುದೇ ಈ ಲೇಖನದ ಉದ್ದೇಶವು.

ಹೋಟೆಲಿನ ಪಿಂಗಾಣಿಯು ಮನೆಯ ಪಿಂಗಾಣಿಗಿಂತ ಬೇರೆಯಾದುದು. ಮನೆಯ ಬಟ್ಟಲು ತೆಳ್ಳಗೂ ಹಗುರವಾಗಿಯೂ ಇದ್ದರೆ ಸೊಗಸು. ಹೋಟೆಲಿನ ಬಟ್ಟಲಾದರೋ ದಿನಕ್ಕೆ ಅನೇಕಾವರ್ತಿ ಬಿಸಿನೀರಿನಲ್ಲಿ ತೊಳೆಯಲ್ಪಟ್ಟು, ಒಂದರ ಮೇಲೊಂದು ಪೇರಿಸಲ್ಪಟ್ಟು, ಮಾಣಿಗಳ ಅವಸರದ ಕೈಗಳಲ್ಲಿ ಬಾಳಬೇಕಾದುದು. ಆದಕಾರಣ ಅದರ ಗೋಡೆ ದಪ್ಪ, ಅಂಚು ದುಂಡಗೆ, ಕಿವಿ ಗಟ್ಟಿ. ಇದಕ್ಕಿಂತಲೂ ಮುಖ್ಯವಾದುದು ಅದರ ದೇಹದ ಸ್ವಭಾವ. ಅದು ಬಹಳ ಹೆಚ್ಚಿನ ಶಾಖದಲ್ಲಿ ಬೆಂದು, ಒಳಗಿನ ಕಣಗಳು ಗಾಜಿನಂತೆ ಒಂದರೊಳಗೊಂದು ಕೂಡಿಕೊಳ್ಳುವುದರಿಂದ, ಮೇಲಿನ ಲೇಪವು ಹಾರಿಹೋದ ಸ್ಥಳದಲ್ಲಿಯೂ ನೀರನ್ನು ಹೀರುವುದಿಲ್ಲವೆಂದೇ ಹೇಳಬಹುದು. ಹೀರದ ಪಾತ್ರೆಯಲ್ಲಿ ಎಂಜಲು ಉಳಿಯದು. ಅಪರಿಚಿತರು ಒಬ್ಬರ ತರುವಾಯ ಒಬ್ಬರು ಒಂದೇ ಬಟ್ಟಲಿನಿಂದ ನಿರ್ಭಯವಾಗಿ ಕುಡಿಯಬಹುದೆಂಬುದೇ ಇದರ ಗುಣ. ಈ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಪುನಃ ಬರುವುದು.

ಗುರುತಿಸುವ ಕೆಲಸದಲ್ಲಿ ಮೂರು ಪರೀಕ್ಷೆಗಳುಂಟು: ದೇಹದ ಪರೀಕ್ಷೆ, ಚಿತ್ತಾರದ ಪರೀಕ್ಷೆ, ಮುದ್ರೆಯ ಪರೀಕ್ಷೆ.

ಮೊದಲನೆಯದು ದೇಹ. ಬಟ್ಟಲನ್ನು ಅಂಗೈಯಲ್ಲಿಟ್ಟು ಬೆರಳಿನ ಉಗುರಿನಿಂದ ಅಂಚನ್ನು ಮೆಲ್ಲನೆ ತಟ್ಟಿರಿ. ಚೆನ್ನಾಗಿ ಬೆಂದ ಪಾತ್ರೆ ಗಂಟೆಯಂತೆ ನುಡಿಯುವುದು. ಬಿರುಕು ಬಿಟ್ಟದ್ದು ಬೊಕ್ಕಧ್ವನಿಯನ್ನು ಕೊಡುವುದು. ಅನಂತರ ಪಾತ್ರೆಯನ್ನು ಮಗುಚಿ, ಅಡಿಯಲ್ಲಿರುವ ಬಳೆಯಂತಹ ಏಣನ್ನು ನೋಡಿರಿ. ಅಲ್ಲಿ ಲೇಪವಿರುವುದಿಲ್ಲ. ಒಂದು ಹನಿ ನೀರನ್ನು ಅದರ ಮೇಲಿಟ್ಟರೆ, ಸಾಧಾರಣ ಮಣ್ಣಿನ ಪಾತ್ರೆಯು ಅದನ್ನು ಹೀರಿ ಕಪ್ಪಾಗುವುದು. ಹೋಟೆಲಿನ ಗಟ್ಟಿ ಪಿಂಗಾಣಿಯ ಮೇಲೆ ಹನಿಯು ಹಾಗೆಯೇ ನಿಲ್ಲುವುದು. ದೀಪಕ್ಕೆ ಅಡ್ಡಲಾಗಿ ಹಿಡಿದಾಗ ಬೆರಳಿನ ನೆರಳು ಕಾಣಿಸಿದರೆ ಅದು ಮೂಳೆಯ ಬೂದಿಯನ್ನು ಬೆರೆಸಿ ಮಾಡಿದ ತೆಳುವಾದ ಪಿಂಗಾಣಿಯಾಗಿರಬಹುದು. ಈ ಬಗೆಯು ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೆಲೆಗೊಂಡಿತು.

ಎರಡನೆಯದು ಚಿತ್ತಾರ. ಹೋಟೆಲಿನ ಪಾತ್ರೆಗಳಲ್ಲಿ ಬಣ್ಣವನ್ನು ಸಾಮಾನ್ಯವಾಗಿ ಲೇಪದ ಕೆಳಗೆ ಹಾಕುವರು. ಚಾಕು ಚಮಚಗಳು ತೀಡಿದರೂ ಅದು ಅಳಿಯಬಾರದಷ್ಟೆ. ಬೆರಳನ್ನಾಡಿಸಿದಾಗ ಚಿತ್ತಾರವು ಕೈಗೆ ತಗುಲದಿದ್ದರೆ ಅದು ಲೇಪದ ಕೆಳಗಿನದು. ಉಬ್ಬಾಗಿ ತೋರಿದರೆ ಮೇಲಿನದು. ತಿರುಗುವ ಚಕ್ರದ ಮೇಲೆ ಪಾತ್ರೆಯನ್ನಿಟ್ಟು ಕುಂಚದಿಂದ ಎಳೆದ ಗೆರೆಯಲ್ಲಿ, ಆರಂಭವೂ ಅಂತ್ಯವೂ ಕೂಡುವಲ್ಲಿ ಬಣ್ಣವು ತುಸು ದಟ್ಟವಾಗಿರುವುದು. ಕೆತ್ತಿದ ತಾಮ್ರದ ತಗಡಿನಿಂದ ತೆಳುಗಾಗದಕ್ಕೆ, ಕಾಗದದಿಂದ ಪಾತ್ರೆಗೆ ಇಳಿಸಿದ ಚಿತ್ರದಲ್ಲಿ ಕಾಗದದ ಎರಡು ತುದಿಗಳು ಸಂಧಿಸುವ ಒಂದು ಹೊಲಿಗೆಯಂತಹ ರೇಖೆ ಎಲ್ಲಿಯಾದರೂ ಸಿಕ್ಕೇ ಸಿಕ್ಕುವುದು. ನೀಲಿಬಣ್ಣದ ವಿಲೋ ನಮೂನೆಯನ್ನು ಅನೇಕರು ಕಂಡಿರಬಹುದು: ಬಾಗಿದ ಮರ, ಸೇತುವೆಯ ಮೇಲೆ ಮೂವರು, ಮೇಲೆ ಎರಡು ಹಕ್ಕಿಗಳು. ಇದು ಚೀನಾದೇಶದ್ದೆಂದು ಜನರು ಭಾವಿಸುವರು. ಆದರೆ ಚೀನೀ ಚಿತ್ರಗಳನ್ನು ಅನುಸರಿಸಿ ಇದನ್ನು ಕಲ್ಪಿಸಿದವರು ಇಂಗ್ಲೆಂಡಿನ ಕುಶಲಕರ್ಮಿಗಳು. ಅದರ ಪ್ರೇಮಕಥೆಯನ್ನು ಕಟ್ಟಿದುದೂ ಅಲ್ಲಿಯೇ, ಚಿತ್ರವು ಪ್ರಚಾರಕ್ಕೆ ಬಂದ ಮೇಲೆ. ಕಂಡದ್ದನ್ನೆಲ್ಲಾ ನಂಬಬಾರದೆಂಬುದಕ್ಕೆ ಇದೊಂದು ಪಾಠ.

ಮೂರನೆಯದು ಮುದ್ರೆ. ಮಂಗಳೂರಿನ ಹಂಚನ್ನು ತಿರುವಿ ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುವುದು. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಎಷ್ಟೋ ಮನೆಗಳ ಮಾಡುಗಳು ತಮ್ಮನ್ನು ಮಾಡಿದವರ ಹೆಸರನ್ನು ಹೊತ್ತುಕೊಂಡಿವೆ. ಹಾಗೆಯೇ ಪಿಂಗಾಣಿಯ ಬೆನ್ನಿನ ಮೇಲೂ ಬರಹವಿರುವುದು. ಇಂಗ್ಲೆಂಡಿನ ಪಾತ್ರೆಯಲ್ಲಿ ವಜ್ರಾಕಾರದ ನೋಂದಣಿ ಗುರುತಿದ್ದರೆ ಆ ನಮೂನೆಯು ೧೮೪೨ರಿಂದ ೧೮೮೩ರೊಳಗೆ ನೋಂದಾಯಿಸಲ್ಪಟ್ಟದ್ದು. ಬರಿಯ ನೋಂದಣಿ ಸಂಖ್ಯೆಯಿದ್ದರೆ ೧೮೮೪ರಿಂದೀಚಿನದು. ಪರದೇಶದ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು ಅಮೇರಿಕದವರು ವಿಧಿಸಿದ ನಿಯಮವು ೧೮೯೧ರಲ್ಲಿ ಜಾರಿಗೆ ಬಂದುದರಿಂದ, ದೇಶದ ಹೆಸರುಳ್ಳ ಪಾತ್ರೆಗಳು ಸಾಮಾನ್ಯವಾಗಿ ಆ ಬಳಿಕದವು. 'ಪರಾಧೀನ ಜಪಾನು' ಎಂಬರ್ಥದ ಇಂಗ್ಲಿಷ್ ಮುದ್ರೆಯಿದ್ದರೆ ಎರಡನೆಯ ಮಹಾಯುದ್ಧದ ತರುವಾಯ, ೧೯೫೨ಕ್ಕೆ ಮುಂಚೆ ಆ ದೇಶವು ಅನ್ಯರ ವಶದಲ್ಲಿದ್ದ ಕೆಲವೇ ವರ್ಷಗಳಲ್ಲಿ ಅದು ತಯಾರಾದುದೆಂದು ತಿಳಿಯಬೇಕು.

ಈಗ ನಮ್ಮ ಬಸಿಗೆ ಬರೋಣ. ತೊಳೆದು ನೋಡಲಾಗಿ, ಅದರ ಅಂಚಿನಲ್ಲಿ ಎಂ. ಎಸ್. ಎಂ. ಎಂಬ ಇಂಗ್ಲಿಷ್ ಅಕ್ಷರಗಳು ಹೆಣೆದುಕೊಂಡಿದ್ದುವು. ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ ಕಂಪೆನಿಯ ಹೆಸರಿನ ಮೊದಲಕ್ಷರಗಳಿವು. ಎರಡು ಕಂಪೆನಿಗಳು ಕೂಡಿ ಈ ಹೆಸರು ಬಂದುದು ೧೯೦೮ರಲ್ಲಿ. ೧೯೫೧ನೆಯ ಏಪ್ರಿಲ್ ೧೪ರಂದು ಇದೂ, ದಕ್ಷಿಣ ಇಂಡಿಯಾ ರೈಲ್ವೆಯೂ, ಮೈಸೂರು ಸಂಸ್ಥಾನದ ರೈಲ್ವೆಯೂ ಒಂದಾಗಿ ದಕ್ಷಿಣ ರೈಲ್ವೆಯಾಯಿತು. ಆದುದರಿಂದ ನಮ್ಮ ಬಸಿಯು ಆ ನಲವತ್ತಮೂರು ವರ್ಷಗಳ ಒಳಗಿನದು. ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮುದ್ರೆಯು ಪಾತ್ರೆ ಹುಟ್ಟಿದ ಕಾಲವನ್ನು ಹೇಳುವುದೇ ಹೊರತು ಬಳಕೆಯು ನಿಂತ ಕಾಲವನ್ನು ಹೇಳಲಾರದು. ಹೆಸರು ಬದಲಾದ ಮಾತ್ರಕ್ಕೆ ಗಟ್ಟಿಯಾದ ಬಟ್ಟಲನ್ನು ಯಾರೂ ಎಸೆಯುವುದಿಲ್ಲ. ಮತ್ತು, ಒಂದೇ ಅಕ್ಷರಗಳು ಇಬ್ಬರಿಗೆ ಸಲ್ಲಬಹುದು. ಎಸ್. ಆರ್. ಎಂದಿರುವುದನ್ನೆಲ್ಲಾ ನಮ್ಮ ದಕ್ಷಿಣ ರೈಲ್ವೆಯದೆಂದು ತಿಳಿದರೆ ಮೋಸಹೋಗುವೆವು; ಇಂಗ್ಲೆಂಡಿನಲ್ಲಿಯೂ ೧೯೨೩ರಿಂದ ೧೯೪೭ರವರೆಗೆ ಅದೇ ಹೆಸರಿನ ರೈಲ್ವೆಯಿತ್ತು. ತಯಾರಕರ ಮುದ್ರೆಯನ್ನೂ ಅಕ್ಷರಗಳನ್ನೂ ಜೊತೆಯಾಗಿಯೇ ಓದಬೇಕು.

ಪಿಂಗಾಣಿಯೆಲ್ಲ ಹಡಗಿನಲ್ಲಿಯೇ ಬಂದಿತೆಂದು ಭಾವಿಸಬೇಡಿರಿ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರ ದಶಕದಲ್ಲಿ, ಬೆಂಗಳೂರಿನ ಮಲ್ಲೇಶ್ವರದ ಕಡೆ ಮೈಸೂರು ಸರಕಾರದ ಪಿಂಗಾಣಿ ಕಾರ್ಖಾನೆಯು ಆರಂಭವಾಯಿತು. ಅದು ಮುಂದೆ ಮೈಸೂರು ಪೋರ್ಸ್‌ಲೇನ್ಸ್ ಎಂಬ ಕಂಪೆನಿಯಾಗಿ, ೧೯೭೬ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. ವಿದ್ಯುತ್ ಕಂಬಗಳ ಮೇಲಿನ ಪಿಂಗಾಣಿ ಬಿಲ್ಲೆಗಳಿಗೆ ಹೆಸರಾಯಿತು. ಕಾಮಾಕ್ಷಿಪಾಳ್ಯದಿಂದ ಕೆಲವೇ ಮೈಲಿಗಳ ಅಂತರದಲ್ಲಿದ್ದ ಈ ಉದ್ಯಮದ ಮುದ್ರೆಯುಳ್ಳ ಯಾವ ವಸ್ತು ದೊರೆತರೂ ಅದನ್ನು ಜೋಪಾನಮಾಡತಕ್ಕದ್ದು.

ಒಂದು ನಮೂನೆಯನ್ನು ಜನರು ಹೇಗೆ ಗೌರವಿಸಬಹುದೆಂಬುದಕ್ಕೆ ಅಮೇರಿಕದಿಂದ ಒಂದು ದೃಷ್ಟಾಂತವನ್ನು ಕೊಡುವೆವು. ಅಲ್ಲಿಯ ಸಾಂಟಾ ಫೆ ರೈಲ್ವೆಯವರ ಭೋಜನದ ಗಾಡಿಗಳಿಗಾಗಿ ಮೇರಿ ಕೋಲ್ಟರ್ ಎಂಬ ಮಹಿಳೆಯು ೧೯೩೦ರ ದಶಕದಲ್ಲಿ ಒಂದು ನಮೂನೆಯನ್ನು ರಚಿಸಿದರು. ನ್ಯೂ ಮೆಕ್ಸಿಕೋ ಪ್ರಾಂತದ ಮಿಂಬ್ರೆಸ್ ಎಂಬ ಪುರಾತನ ಜನರ ಮಡಕೆಗಳ ಮೇಲಿದ್ದ ಮೀನು, ಹಕ್ಕಿ, ಮೃಗಗಳ ರೂಪಗಳನ್ನೇ ಅವರು ತಟ್ಟೆ ಬಟ್ಟಲುಗಳಿಗೆ ಇಳಿಸಿದರು. ಊಟಕ್ಕೆ ಕುಳಿತ ಪ್ರಯಾಣಿಕನ ಮುಂದೆ ಆ ನೆಲದ ಪೂರ್ವಿಕರ ಕಲೆಯು ತಾನಾಗಿ ಬಂದು ನಿಲ್ಲುತ್ತಿತ್ತು. ಇಂದು ಸಂಗ್ರಾಹಕರು ಅವುಗಳನ್ನು ಆದರದಿಂದ ಅರಸುವರು. ಹಣದಾಸೆಯಿಂದ ರೈಲ್ವೆಯ ಗುರುತುಗಳನ್ನು ಹೊಸ ಪಾತ್ರೆಗಳಿಗೆ ಅಂಟಿಸಿ ಮಾರುವವರೂ ಅಲ್ಲಿ ಹುಟ್ಟಿಕೊಂಡಿದ್ದಾರೆ. ಅಡಿಯ ಬಳೆಯಲ್ಲಿ ಸವೆತವಿಲ್ಲದೆ, ಬೆನ್ನಿನ ಬರಹ ಮಾತ್ರ ಹಳೆಯದೆಂದು ಹೇಳಿಕೊಂಡರೆ ಸಂಶಯಪಡಬೇಕು.

ನಮ್ಮ ನಾಡಿನಲ್ಲಿ ಹೋಟೆಲಿನ ಪಿಂಗಾಣಿಯ ಚರಿತ್ರೆಗೆ ಬೇರೊಂದು ಮುಖವಿದೆ. ಲೋಹದ ಪಾತ್ರೆಯು ಹುಣಿಸೆ, ಬೂದಿಗಳಿಂದ ಶುದ್ಧವಾಗುವುದೆಂದೂ, ಮಣ್ಣಿನದು ಒಮ್ಮೆ ಎಂಜಲಾದರೆ ಎಸೆಯತಕ್ಕದ್ದೆಂದೂ ಹಿರಿಯರ ಆಚಾರ. ಪಿಂಗಾಣಿಯು ಮಣ್ಣಿನದೋ, ಅಲ್ಲವೋ ಎಂಬ ಶಂಕೆಯಿಂದ ಎಷ್ಟೋ ಮನೆಗಳ ಅಡಿಗೆಯ ಕೋಣೆಗೆ ಅದು ಬಹುಕಾಲ ಪ್ರವೇಶಿಸಲಿಲ್ಲ. ಉಪ್ಪಿನಕಾಯಿಯ ಜಾಡಿಗೆ ಮಾತ್ರ ವಿನಾಯಿತಿ. ೧೯೨೪ರಲ್ಲಿ ಆರಂಭವಾದ ಮಾವಳ್ಳಿ ಟಿಫನ್ ರೂಮಿನವರು ಬೆಳ್ಳಿಯ ಲೋಟದ ಕಾಫಿಗೆ ಪ್ರಸಿದ್ಧರಾದರು. ಕಪ್ಪು-ಬಸಿಯನ್ನು ಊರಿನ ಜನಕ್ಕೆ ಸಲಿಗೆಯ ವಸ್ತುವನ್ನಾಗಿ ಮಾಡಿದವುಗಳಲ್ಲಿ ಕಾಫಿಹೌಸುಗಳು ಮುಖ್ಯವಾದುವು. ಅವುಗಳನ್ನು ಮುಚ್ಚಹೊರಟಾಗ ಕಾರ್ಮಿಕರೇ ಕೂಡಿ ೧೯೫೭ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಹಕಾರ ಸಂಘವನ್ನು ಸ್ಥಾಪಿಸಿದರು.

ಆದರೆ ಬಟ್ಟಲು ಬಂದೊಡನೆ ಭೇದವು ಹೋಗಲಿಲ್ಲ. ಕಂಪೆನಿಗಳ ಕಾಲದಲ್ಲಿ ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ, ಐರೋಪ್ಯರಿಗೆ ಬೇರೆ ಉಪಾಹಾರಗೃಹಗಳಿದ್ದುವು. ಹಳ್ಳಿಪಳ್ಳಿಗಳ ಹೋಟೆಲುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಬೇರೆ ಲೋಟವನ್ನು ಹೊರಗಿಡುವ ದುಷ್ಟ ಪದ್ಧತಿಯೂ ಇದ್ದಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ೧೯೫೫ರ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾರ್ವಜನಿಕ ಹೋಟೆಲಿನಲ್ಲಿ ಇಟ್ಟಿರುವ ಪಾತ್ರೆಗಳನ್ನು ಬಳಸದಂತೆ ಯಾರನ್ನಾದರೂ ಅಸ್ಪೃಶ್ಯತೆಯ ಕಾರಣದಿಂದ ತಡೆಯುವುದು ಶಿಕ್ಷಾರ್ಹವೆಂದು ಸ್ಪಷ್ಟವಾಗಿ ಹೇಳಿತು. ಒಂದು ಬಟ್ಟಲಿಗಾಗಿ ದೇಶದ ಶಾಸನವೇ ಮಾತನಾಡಬೇಕಾಯಿತು! ಎಲ್ಲರೂ ಕುಡಿಯಲೆಂದೇ ಆವಿಗೆಯಲ್ಲಿ ಹದಗೊಂಡ ವಸ್ತುವನ್ನು ಕೆಲವರಿಗೆ ನಿಷೇಧಿಸಿದ ದೋಷವು ಮಣ್ಣಿನದಲ್ಲ, ಮನುಷ್ಯರದು. ನಮ್ಮ ಬಸಿಯು ಯಾವ ಕೋಣೆಯಲ್ಲಿದ್ದಿತು? ಯಾರ ಮುಂದೆ ಇಡಲ್ಪಟ್ಟಿತು, ಯಾರಿಗೆ ನಿರಾಕರಿಸಲ್ಪಟ್ಟಿತು? ಅದರ ಬೆನ್ನಿನ ಮೇಲೆ ಇದು ಬರೆದಿಲ್ಲ. ಇದನ್ನು ಹೇಳಬಲ್ಲವರು ಮನೆಗಳಲ್ಲಿರುವ ವೃದ್ಧರು ಮಾತ್ರವೇ.

ಆದಕಾರಣ, ಪ್ರಿಯ ಬಾಲಿಕೆಯರೇ, ಸಂಗ್ರಹಿಸಬೇಕೆಂದಿರುವವರು ಈ ಕೆಲವು ನಿಯಮಗಳನ್ನು ಪಾಲಿಸಿರಿ. ಬೆಲೆಯನ್ನು ನೋಡಿ ಕೂಡಿಸಬೇಡಿರಿ. ಒಂದು ರೈಲ್ವೆ, ಒಂದು ಊರು ಅಥವಾ ಒಂದು ಕಾರ್ಖಾನೆಯನ್ನು ಆರಿಸಿಕೊಂಡು ಅದರ ಪಾತ್ರೆಗಳನ್ನೇ ಹುಡುಕಿರಿ. ಒಂದು ಅಂಚು ಮುರಿದಿದ್ದರೂ ಮುದ್ರೆಯು ಸ್ಪಷ್ಟವಾಗಿದ್ದರೆ ಬಿಡಬೇಡಿರಿ. ಹೋಟೆಲಿನ ಹೆಸರುಳ್ಳ ಬಟ್ಟಲನ್ನು ಹೋಟೆಲಿನಿಂದ ಮರೆಮಾಚಿ ತರುವುದು ಸಂಗ್ರಹವಲ್ಲ, ಕಳವು. ಕೇಳಿ ಪಡೆಯಿರಿ, ಇಲ್ಲವೇ ಬೆಲೆಕೊಟ್ಟು ಕೊಳ್ಳಿರಿ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಇವುಗಳಿಂದ ತೊಳೆಯಿರಿ. ಬೂದಿ ಹುಣಿಸೆಗಳು ಚಿನ್ನದ ಗೆರೆಯನ್ನು ತಿಂದುಬಿಡುವುವು. ತಟ್ಟೆಗಳನ್ನು ಪೇರಿಸುವಾಗ ನಡುನಡುವೆ ಕಾಗದವನ್ನಿಡಿರಿ. ಬಟ್ಟಲುಗಳನ್ನು ಕಿವಿಯಿಂದ ತೂಗುಹಾಕಬೇಡಿರಿ. ಹಳೆಯ ಲೇಪಗಳಲ್ಲಿಯೂ ಬಣ್ಣಗಳಲ್ಲಿಯೂ ಸೀಸವಿರುವುದುಂಟಾದುದರಿಂದ, ಲೇಪವು ಬಿರಿದ ಪಾತ್ರೆಯಲ್ಲಿ ಹುಳಿಯ ಪದಾರ್ಥವನ್ನು ಹಾಕಿ ಉಣ್ಣುವುದು ಆರೋಗ್ಯಕ್ಕೆ ಕೇಡು.

ಎಲ್ಲಕ್ಕಿಂತಲೂ ಮುಖ್ಯವಾದುದು ಬರಹ. ಪ್ರತಿಯೊಂದು ಪಾತ್ರೆಗೂ ಒಂದು ಚೀಟಿಯನ್ನು ಬರೆಯಿರಿ: ಎಲ್ಲಿ ದೊರೆಯಿತು, ಯಾವಾಗ, ಯಾರ ಕೈಯಿಂದ, ಮುದ್ರೆಯಲ್ಲಿ ಏನಿದೆ, ಅದನ್ನು ಕುರಿತು ಮನೆಯ ಹಿರಿಯರು ಏನು ಹೇಳಿದರು. ಅಜ್ಜಿಯನ್ನು ಕೇಳಿರಿ: ಮೊಟ್ಟಮೊದಲು ಹೋಟೆಲಿನಲ್ಲಿ ಕಾಫಿ ಕುಡಿದುದು ಯಾವಾಗ, ಯಾವ ಬಟ್ಟಲಿನಲ್ಲಿ, ಒಳಗೆ ಕುಳಿತೋ, ಹೊರಗೆ ನಿಂತೋ? ಚೀಟಿಯಿಲ್ಲದ ಪಾತ್ರೆಯು ಬರಿಯ ಪಾತ್ರೆ, ಚೀಟಿಯಿದ್ದದ್ದು ಸಾಕ್ಷಿ. ಉಪಾಹಾರಗೃಹಗಳಿಗೆ ಮೊದಲು ಉಕ್ಕಿನ ಲೋಟಗಳೂ, ಆಮೇಲೆ ಕಾಗದದ ಲೋಟಗಳೂ ಬಂದುವು. ದಪ್ಪ ಬಿಳಿಯ ಬಟ್ಟಲುಗಳು ದಿನೇ ದಿನೇ ಗುಜರಿಯ ದಾರಿಯನ್ನು ಹಿಡಿಯುತ್ತಿವೆ.

ಕಾಮಾಕ್ಷಿಪಾಳ್ಯದ ಬಸಿಯನ್ನು ನಾವು ತೊಳೆದು ಕಪಾಟಿನಲ್ಲಿಟ್ಟಿದ್ದೇವೆ. ಅದರ ಚೀಟಿಯಲ್ಲಿ ಸ್ಥಳವನ್ನೂ ದಿನವನ್ನೂ ಬರೆದು, ಯಾರು ಇದರಿಂದ ಕುಡಿದರೆಂಬ ಪ್ರಶ್ನೆಯ ಮುಂದೆ ಜಾಗವನ್ನು ಬರಿದಾಗಿಯೇ ಬಿಟ್ಟಿದ್ದೇವೆ. ಆ ದಿನಗಳ ನಿಲ್ದಾಣಗಳನ್ನು ಬಲ್ಲ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ, ಅವರನ್ನು ಕೇಳಿ ಬಂದು ಅದನ್ನು ತುಂಬಿಸಿಕೊಡಿರೆಂದು ನಮ್ಮ ಪ್ರಾರ್ಥನೆ.